ಒಣಗಿದ್ದರಷ್ಟೇ ತಿರುಗುವ ಮೋಟಾರು

೧೯೭೮ರಲ್ಲಿ ನಾನು ಶಾಲೆ ಬಿಟ್ಟೆ. ಒಂಬತ್ತನೇ ಇಯತ್ತೆ ಪಾಸಾಗಿ ಬಿಟ್ಟೆ ಎಂದು ಪೂರ್ತಿ ಹೇಳಬೇಕು, ಯಾಕೆಂದರೆ ನಾಪಾಸಾಗಿ ಬಿಟ್ಟವನೆಂದು ನಮ್ಮ ನೆಂಟರಲ್ಲೇ ಕೆಲವರು ತಿಳಿದುಕೊಂಡಿದ್ದಾರೆ. ಗಣಿತದಲ್ಲಿ ನನಗೆ ಅರವತ್ತೆರಡು ಬಂದಿತ್ತು. ಆ ಬೇಸಿಗೆಯಲ್ಲಿ ಸೋದರಮಾವ ಪುಣೆಯಿಂದ ಬೆಳಗಾವಿ ಜಿಲ್ಲೆಯ ನಮ್ಮ ಊರಿಗೆ ಬಂದವರು, ಪಿಂಪ್ರಿಯ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮೇಲೆ ಲೋಹ ಕಡೆಯುವುದನ್ನು ಕಲಿಯಲು ಜಾಗ ಇದೆ, ಹದಿನೈದು ದಿನಕ್ಕಿಂತ ಹೆಚ್ಚು ಅದು ಖಾಲಿ ಇರುವುದಿಲ್ಲ ಎಂದರು. ಅಪ್ಪ ನನ್ನ ಮುಖ ನೋಡಿದರು. ಹೋಗುತ್ತೇನೆ ಎಂದೆ. ಯಾರೂ ಬಲವಂತ ಮಾಡಲಿಲ್ಲ. ಹಾಗಾಗಿ ಅದರ ಬಗ್ಗೆ ಯಾರ ಮೇಲೂ ನನಗೆ ಸಿಟ್ಟಿಲ್ಲ.

ಮುಂದಿನ ಹತ್ತೊಂಬತ್ತು ವರ್ಷ ಅದೇ ಪಿಂಪ್ರಿಯಲ್ಲಿ ಲೇಥ್ ಮುಂದೆ ನಿಂತೆ. ಬುಷ್, ಪಿನ್ನು, ಗಿಯರಿನ ಬಿಲ್ಲೆ, ಸ್ಕೂಟರಿನ ಬಿಡಿಭಾಗಗಳು. ಒಂದು ಮಾತನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ: ನನ್ನ ಕೈಯಿಂದ ಹೋದ ಮಾಲು ವಾಪಸ್ ಬಂದದ್ದು ಕಡಿಮೆ. ಮಾಲು ಕೊಡುವ ಮುಂಚೆ ಅದನ್ನು ಬಟ್ಟೆಯಿಂದ ಒರೆಸಿ, ಎಣ್ಣೆಯ ಒಂದು ಪೊರೆ ಸವರಿ, ಕಾಗದದಲ್ಲಿ ಸುತ್ತಿಯೇ ಕೊಡುತ್ತಿದ್ದೆ. ಎಣ್ಣೆ ಸವರದ ಕಬ್ಬಿಣವನ್ನು ಗಿರಾಕಿಯ ಕೈಗೆ ಇಡುವುದು, ಒದ್ದೆ ತಲೆಯ ಮಗುವನ್ನು ಶಾಲೆಗೆ ಕಳಿಸಿದ ಹಾಗೆ ಎಂದು ನನಗೆ ಕಲಿಸಿದ ಹಿರಿಯ ಮಿಸ್ತ್ರಿ ಹೇಳುತ್ತಿದ್ದರು. ಆ ಮಾತು ನನ್ನ ಕೈಯಲ್ಲಿ ಕೂತುಬಿಟ್ಟಿತ್ತು.

೧೯೯೭ರಲ್ಲಿ ಒಬ್ಬ ಹೆಣ್ಣುಮಗಳು ನಮ್ಮ ವರ್ಕ್‌ಶಾಪಿಗೆ ಬಂದರು. ಧಾರವಾಡದವರು, ಚಿಂಚವಾಡದ ಒಂದು ಸಣ್ಣ ಕಂಪನಿಯಲ್ಲಿ ಸಂಶೋಧನೆಯ ಕೆಲಸ. ಒಂದು ಹಾಳೆ ಬಿಚ್ಚಿ ಮಾಲೀಕರಿಗೆ ತೋರಿಸಿದರು. ಹದಿನಾಲ್ಕು ಮಿಲಿಮೀಟರ್ ಅಗಲದ ಕಂಚಿನ ಉಂಗುರ, ಅದರ ಮೇಲ್ಮುಖದಲ್ಲಿ ಮೂವತ್ತಾರು ಹಲ್ಲು, ಹಲ್ಲು ಹಲ್ಲಿನ ನಡುವೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇಲ್ಲದ ಸೀಳು. ಮಾಲೀಕರು ನಕ್ಕು, ಇದು ಅಕ್ಕಸಾಲಿಗರ ಕೆಲಸ, ಅಲ್ಲಿಗೆ ಹೋಗಿ ಎಂದರು. ಅಕ್ಕಸಾಲಿಗರ ಹತ್ತಿರವೂ ಹೋಗಿ ಬಂದಿದ್ದೇನೆ, ಅವರು ವರ್ಕ್‌ಶಾಪಿಗೆ ಹೋಗಿ ಅಂದರು ಎಂದು ಆಕೆ ಮರಾಠಿಯಲ್ಲಿ ಹೇಳಿದ ರೀತಿಯಲ್ಲೇ ನಮ್ಮ ಕಡೆಯವರೆಂದು ಗೊತ್ತಾಯಿತು. ನಾನು ಕನ್ನಡದಲ್ಲಿ, ಹಾಳೆ ಇಟ್ಟು ಹೋಗ್ರಿ, ನೋಡ್ತೀನಿ ಅಂದೆ.

ಮೊದಲನೆಯ ಉಂಗುರದಲ್ಲಿ ಏಳನೇ ಹಲ್ಲು ಮುರಿಯಿತು. ಎರಡನೆಯದರಲ್ಲಿ ಮೂವತ್ತೈದನೆಯದು. ಆ ಮೂವತ್ತೈದನೇ ಹಲ್ಲಿನ ಸಿಟ್ಟು ನನಗೆ ಇವತ್ತಿಗೂ ನೆನಪಿದೆ. ಮೂರನೆಯದು ಪೂರ್ತಿಯಾಯಿತು. ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ಚಿಂಚವಾಡಕ್ಕೆ ನಾನೇ ಒಯ್ದುಕೊಟ್ಟೆ. ಆಕೆ ಅದನ್ನು ಯಾವುದೋ ದ್ರಾವಣದಲ್ಲಿ ತೊಳೆದು, ಭೂತಗನ್ನಡಿಯ ಕೆಳಗೆ ಒಂದೊಂದೇ ಹಲ್ಲು ಎಣಿಸಿ, ಅಳೆದು, ಇಲ್ಲೇ ಕೆಲಸಕ್ಕೆ ಬರ್ತೀರೇನು ಎಂದು ಕೇಳಿದರು. ಆಗ ಅವರು ಆ ಉಂಗುರವನ್ನು ಯಾಕೆ ತೊಳೆದರು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಧೂಳು ಇರಬೇಕು ಅಂದುಕೊಂಡೆ.

ಹೊಸ ಜಾಗದಲ್ಲಿ ನಾವು ಮೂರೇ ಜನ. ಆಕೆ, ಸರ್ಕಿಟ್ ಮಾಡುವ ಸಾತಾರಾ ಕಡೆಯ ಮರಾಠಿ ಗೃಹಸ್ಥರೊಬ್ಬರು, ನಾನು. ಸರ್ಕಿಟ್‌ನವರು ನನಗಿಂತ ನಾಲ್ಕು ವರ್ಷ ದೊಡ್ಡವರು. ಅವರನ್ನು ನಾನು ದಾದಾ ಎನ್ನುತ್ತಿದ್ದೆ, ಅವರು ನನ್ನನ್ನು ಅಣ್ಣಾ ಎನ್ನುತ್ತಿದ್ದರು. ದಕ್ಷಿಣದಿಂದ ಬಂದವರೆಲ್ಲ ಪುಣೆಯಲ್ಲಿ ಅಣ್ಣಾಗಳೇ. ಆಕೆಯನ್ನು ಮೊದಲ ವಾರ ಮೇಡಂ ಎಂದೆ. ಆಮೇಲೆ ಅಕ್ಕೋರು ಎನ್ನತೊಡಗಿದೆ, ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಆದರೆ ನನಗೆ ಕಲಿಸಿದರು, ಅಕ್ಕೋರೇ ಸೈ.

ಅವರು ಮಾಡಹೊರಟದ್ದು ಅಲ್ಟ್ರಾಸಾನಿಕ್ ಮೋಟಾರು. ಸೂಕ್ಷ್ಮದರ್ಶಕದ ಮಸೂರವನ್ನು ಕೂದಲೆಳೆಗಿಂತ ಕಡಿಮೆ ದೂರ ಸರಿಸಿ ಅಲ್ಲೇ ನಿಲ್ಲಿಸಬೇಕು; ಅದಕ್ಕೆ. ಮೋಟಾರು ಎಂದರೆ ತಾಮ್ರದ ತಂತಿಯ ಸುರುಳಿ, ಒಳಗೆ ಅಯಸ್ಕಾಂತ ಎಂದು ತಿಳಿದಿದ್ದ ನನಗೆ, ಇದರಲ್ಲಿ ಎರಡೂ ಇಲ್ಲ ಎಂದಾಗ ನಂಬಿಕೆ ಬರಲಿಲ್ಲ. ಕಂಚಿನ ಉಂಗುರದ ತಳಕ್ಕೆ ಪಿಂಗಾಣಿಯಂಥ ಒಂದು ತೆಳು ಬಿಲ್ಲೆ ಅಂಟಿಸುತ್ತಾರೆ. ಅದೇ ಪೀಜೋ. ವಿದ್ಯುತ್ ಕೊಟ್ಟರೆ ಅದು ಹಿಗ್ಗುತ್ತದೆ, ತಿರುಗಿಸಿ ಕೊಟ್ಟರೆ ಕುಗ್ಗುತ್ತದೆ, ಕಣ್ಣಿಗೆ ಕಾಣದಷ್ಟು. ಸೆಕೆಂಡಿಗೆ ನಲವತ್ತು ಸಾವಿರ ಸಲ ಹೀಗಾದಾಗ ಕಂಚಿನ ಉಂಗುರದಲ್ಲಿ ಒಂದು ಅಲೆ ಎದ್ದು ಸುತ್ತು ಹೊಡೆಯುತ್ತದೆ. ಮೇಲೆ ಇನ್ನೊಂದು ಬಿಲ್ಲೆಯನ್ನು ಸ್ಪ್ರಿಂಗಿನಿಂದ ಒತ್ತಿ ಕೂರಿಸಿದರೆ ಆ ಬಿಲ್ಲೆ ತಿರುಗುತ್ತದೆ.

ಅಲೆ ಓಡಿದರೆ ಬಿಲ್ಲೆ ಯಾಕೆ ತಿರುಗಬೇಕು? ಅದು ನನಗೆ ಹೊಳೆಯಲಿಲ್ಲ. ಅಕ್ಕೋರು ಊಟದ ಸ್ಟೀಲಿನ ತಾಟನ್ನು ತಂದು ನನ್ನ ಹತ್ತು ಬೆರಳುಗಳ ತುದಿಯ ಮೇಲೆ ಇಟ್ಟರು. ಒಂದೊಂದೇ ಬೆರಳು ಎತ್ತಿ, ಸ್ವಲ್ಪ ಬಾಗಿಸಿ, ಇಳಿಸ್ರಿ ಅಂದರು. ತಾಟು ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಬೆರಳುಗಳು ಇದ್ದಲ್ಲೇ ಇದ್ದವು. ನಾನು ಕೊಯ್ದ ಮೂವತ್ತಾರು ಹಲ್ಲುಗಳು ಮೂವತ್ತಾರು ಬೆರಳು, ಅಷ್ಟೇ ಎಂದರು. ಅದಾದ ಮೇಲೆ ನನಗೆ ಕೆಲಸವೇ ಬೇರೆ ಕಾಣತೊಡಗಿತು. ಹಲ್ಲು ಇನ್ನೂ ಆಳವಾಗಿ ಕೊಯ್ದರೆ ಬೆರಳು ಉದ್ದವಾಗುತ್ತದಲ್ಲ, ಹೆಚ್ಚು ದೂರ ಬಾಗುತ್ತದಲ್ಲ ಎಂದು ಒಂದು ದಿನ ಕೇಳಿದೆ. ಹೌದು, ಆದರೆ ಉಂಗುರ ದುರ್ಬಲವಾಗಿ ಬೇರೆ ರೀತಿ ಅಲುಗುತ್ತದೆ, ಎಷ್ಟು ಆಳ ಅನ್ನುವುದನ್ನು ನೀವೇ ಮಾಡಿ ತೋರಿಸಿ ಎಂದರು. ಐದು ಆಳದ ಐದು ಉಂಗುರ ಮಾಡಿದೆ. ನಾಲ್ಕನೆಯದು ಎಲ್ಲಕ್ಕಿಂತ ಚೆನ್ನಾಗಿ ಅಲುಗಿತು. ಆ ನಕಾಶೆಯ ಮೂಲೆಯಲ್ಲಿ 'ವಿನ್ಯಾಸ' ಎಂಬ ಚೌಕದೊಳಗೆ ತಮ್ಮ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನೂ ಬರೆದರು. ಅವತ್ತು ಸ್ಕೂಟರ್ ಹತ್ತಿ ಮನೆಗೆ ಬರುವಾಗ ಚಿಂಚವಾಡದ ರೈಲ್ವೆ ಗೇಟಿನ ಹತ್ತಿರ ಸುಮ್ಮನೆ ಸ್ವಲ್ಪ ಹೊತ್ತು ನಿಂತೆ.

ಎರಡು ವರ್ಷ ಹಿಡಿಯಿತು. ೧೯೯೯ರ ಗಣೇಶ ಚೌತಿ ಮುಗಿದ ವಾರ ಮೋಟಾರು ತಿರುಗಿತು. ಸದ್ದಿಲ್ಲ, ಗಾಳಿ ಬೀಸಿದಂಥ ಸುಯ್ ಎಂಬುದೂ ಇಲ್ಲ. ನಾಲ್ಕಾಣೆಗಿಂತ ಚಿಕ್ಕದಾದ ಒಂದು ಬಿಲ್ಲೆ, ತನ್ನಷ್ಟಕ್ಕೆ, ದೇವರ ಮನೆಯ ದೀಪದ ಹಾಗೆ ಗಂಭೀರವಾಗಿ ಸುತ್ತುತ್ತಿತ್ತು. ದಾದಾ ಗಡಿಯಾರ ಹಿಡಿದು ಸುತ್ತು ಎಣಿಸಿದರು. ಸ್ಪ್ರಿಂಗಿನ ಒತ್ತಡ ಸರಿಯಾಗಿ ಕೂತ ಜಾಗದಲ್ಲಿ ತಿರುಪನ್ನು ಬಿಗಿದು, ಯಾರೂ ಮುಟ್ಟಬಾರದೆಂದು ಅದರ ತಲೆಗೆ ಕೆಂಪು ಅರಗಿನ ಒಂದು ಬೊಟ್ಟು ಇಟ್ಟೆ. ಅದು ನನ್ನ ಮೊಹರು.

ದೀಪಾವಳಿಗೆ ಮೂರು ದಿನ ಮುಂಚೆ ಕಮಿಟಿಯೊಂದು ಬರುವುದಿತ್ತು. ಈ ಕೆಲಸಕ್ಕೆ ಹಣ ಕೊಡುತ್ತಿದ್ದವರ ಕಡೆಯ ಮೂವರು. ಮೋಟಾರು ತಿರುಗಿದ್ದನ್ನು ಕಣ್ಣಾರೆ ಕಂಡರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ಮುಚ್ಚಿದರೆ ಅಕ್ಕೋರ ಎರಡು ವರ್ಷ ಹೋಯಿತು, ದಾದಾಗೆ ನೌಕರಿ ಹೋಯಿತು, ನಾನು ಮತ್ತೆ ಪಿಂಪ್ರಿಯಲ್ಲಿ ಬುಷ್ ಕಡೆಯುತ್ತ ಲೇಥ್ ಮುಂದೆ. ಇದು ಮೂವರಿಗೂ ಗೊತ್ತಿತ್ತು.

ಅದರ ನಡುವೆ ದಸರೆ ಬಂತು. ಖಂಡೇನವಮಿಯ ದಿನ ನಮ್ಮಲ್ಲಿ ಆಯುಧಕ್ಕೆ ಪೂಜೆ. ಕಾರ್ಖಾನೆಯವನಿಗೆ ಅವನ ಮಷಿನ್ನೇ ಆಯುಧ. ಮರಾಠಿಯವರಲ್ಲೂ ಹಾಗೆಯೇ. ಲೇಥನ್ನು ಸೀಮೆಎಣ್ಣೆಯಿಂದ ತೊಳೆದು, ಎಲ್ಲ ಕೀಲಿಗೂ ಎಣ್ಣೆ ಬಿಟ್ಟು, ಅರಿಸಿನ ಕುಂಕುಮ ಇಟ್ಟು, ಚೆಂಡುಹೂವಿನ ಮಾಲೆ ಹಾಕಿದೆ. ವರ್ನಿಯರ್, ಮೈಕ್ರೋಮೀಟರ್, ಗರಗಸಗಳನ್ನು ಒಂದು ಮಣೆಯ ಮೇಲೆ ಜೋಡಿಸಿದೆ. ಮೋಟಾರನ್ನು ಬಿಡುವುದು ಹೇಗೆ? ಇಡೀ ಕೋಣೆಯಲ್ಲಿ ನಿಜವಾದ ದೇವರು ಅದೇ ಆಗಿತ್ತು. ಅದನ್ನೂ ಮಣೆಯ ಮೇಲೆ ಇಟ್ಟೆ. ಹೂವಿನ ಒಂದು ಎಸಳು ಇಟ್ಟೆ. ಉಳಿದೆಲ್ಲಕ್ಕೂ ಎಣ್ಣೆ ಸಿಕ್ಕು ಅದೊಂದಕ್ಕೆ ಸಿಗದಿರುವುದು ಸರಿ ಕಾಣಲಿಲ್ಲ. ಸೂಜಿಯ ಮೊನೆಯಿಂದ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿಯನ್ನು, ಹಲ್ಲು ಮತ್ತು ಬಿಲ್ಲೆ ಕೂಡುವ ಸಂದಿಗೆ ಬಿಟ್ಟೆ. ಅಕ್ಕೋರು ಧಾರವಾಡಕ್ಕೆ ಹೋಗಿದ್ದರು. ದಾದಾ ಕೈಮುಗಿದು ಪೇಢೆ ತೆಗೆದುಕೊಂಡರು. ಮರುದಿನ ಅವರ ಮನೆಗೆ ಹೋದಾಗ ಆಪ್ಟಾ ಎಲೆಯನ್ನು, ನಾವು ಬನ್ನಿ ಕೊಡುವ ಹಾಗೆ, ಬಂಗಾರವೆಂದು ನನ್ನ ಕೈಗಿಟ್ಟು ಅಪ್ಪಿಕೊಂಡರು.

ರಜೆ ಮುಗಿಸಿ ಬಂದಾಗ ಮೋಟಾರು ತಿರುಗಲಿಲ್ಲ. ಬಿಲ್ಲೆ ಒಂದು ಸಲ ನಡುಗಿ, ಕಾಲು ಸುತ್ತು ಸರಿದು, ನಿಂತಿತು.

ಮೊದಲು ಸಂಶಯ ಹೋದದ್ದು ಸರ್ಕಿಟ್ ಮೇಲೆ. ಎರಡು ಕಡೆಯಿಂದ ಬರುವ ವಿದ್ಯುತ್ ಒಂದಕ್ಕೊಂದು ಹೊಂದಿಕೊಂಡು ಬರಬೇಕು, ಇಲ್ಲದಿದ್ದರೆ ಅಲೆ ಓಡುವುದಿಲ್ಲ, ಇದ್ದಲ್ಲೇ ಕುಣಿಯುತ್ತದೆ. ದಾದಾ ಬೋರ್ಡು ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ಎಲ್ಲ ಸರಿಯಾಗಿದೆ ಎಂದು ಅವರೇ ಹೇಳುವರು, ಮಾರನೇ ದಿನ ತಮ್ಮ ಮಾತನ್ನೇ ನಂಬದೆ ಮತ್ತೆ ಬಿಚ್ಚುವರು. ಮೋಟಾರನ್ನು ಬಿಚ್ಚಿ ನೋಡೋಣವೇ ಎಂದು ಅಕ್ಕೋರು ಒಮ್ಮೆ ಕೇಳಿದರು. ಅಂಥದ್ದು ಅದೊಂದೇ ಇತ್ತು. ಒತ್ತಡ ತಪ್ಪಿದರೆ ಮತ್ತೆ ಕೂರಿಸಲು ವಾರ ಬೇಕು. ನಾನು ಎಲ್ಲರೆದುರು ಹೊರಗಿನಿಂದ ಅಳೆದು ತೋರಿಸಿ ಹೇಳಿದೆ: “ನನ್ನ ಕಡಿಂದ ಒಂದ ಮೈಕ್ರಾನ್ ಸೈತ ಹೆಚ್ಚು ಕಮ್ಮಿ ಇಲ್ರಿ. ಸರ್ಕಿಟ್ ಕಡೆ ನೋಡ್ರಿ.”

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಎಣ್ಣೆಯ ನೆನಪೇ ನನಗೆ ಇರಲಿಲ್ಲ. ಎಣ್ಣೆ ಬಿಟ್ಟದ್ದರಿಂದ ಮಷಿನ್ನು ನಿಂತಿತು ಎಂಬ ಯೋಚನೆ ಲೇಥಿನವನ ತಲೆಯಲ್ಲಿ ಹುಟ್ಟುವಂಥದ್ದೇ ಅಲ್ಲ. ಆದರೆ ಆ ಮಾತು ಹೇಳುವಾಗ ನನ್ನ ದನಿಯಲ್ಲಿ ಇದ್ದ ಸೊಕ್ಕು ನನಗೆ ನೆನಪಿದೆ. ದಾದಾ ತಲೆ ತಗ್ಗಿಸಿ ಬೆಸುಗೆಯ ಕಡ್ಡಿಯನ್ನು ಬಿಸಿಗೆ ಇಟ್ಟದ್ದೂ ನೆನಪಿದೆ. ಹೀಗೆ ಹತ್ತು ದಿನ ಹೋದವು. ಕಮಿಟಿಗೆ ಏಳು ದಿನ ಉಳಿಯಿತು.

ಅವತ್ತು ಸಂಜೆ ಮನೆಯಲ್ಲಿ ಹೆಂಡತಿ ಚಪಾತಿ ಮಾಡುತ್ತಿದ್ದಳು. ವಾರದಿಂದ ಮುಖ ಊದಿಸಿಕೊಂಡು ಕೂತಿದ್ದೇನೆಂದು ಅವಳಿಗೆ ಬೇಸರ. ಹಂಗಾದ್ರ ಆ ಮೋಟಾರು ತಿರುಗೂದರ ಹೆಂಗ, ನನಗ ಒಂದಿಷ್ಟು ಹೇಳ್ರಿ ಎಂದು ಕೇಳಿದಳು. ಮಾತಿನಲ್ಲಿ ಹೇಳಲಾಗದೆ ತಾಟು ತೆಗೆದುಕೊಂಡು ನನ್ನ ಬೆರಳುಗಳ ಮೇಲೆ ಸರಿಸಿ ತೋರಿಸಿದೆ. ಅವಳಿಗೆ ಚೆಂದ ಅನ್ನಿಸಿತು. ನಾನೂ ಮಾಡ್ತೀನಿ ಎಂದು ಕೈ ಚಾಚಿದಳು. ಇಟ್ಟೆ. ಬೆರಳು ಎತ್ತಿದಳು, ಬಾಗಿಸಿದಳು, ತಾಟು ಇದ್ದಲ್ಲೇ ಇತ್ತು. ಬೆರಳುಗಳು ಮಾತ್ರ ಅದರ ಕೆಳಗೆ ಜಾರುತ್ತಿದ್ದವು.

“ಬರೂದಿಲ್ರಿ ನನಗ,” ಎಂದಳು. “ಕೈಗೆಲ್ಲಾ ಎಣ್ಣಿ ಆಗೇದ.”

ತಾಟನ್ನು ಅವಳ ಕೈಯಿಂದ ತೆಗೆದು ನೆಲದ ಮೇಲೆ ಇಟ್ಟೆ. ಏನಾತು ಎಂದು ಕೇಳಿದಳು. ಖಂಡೇನವಮಿಯ ದಿನ ಬಿಟ್ಟ ಹನಿ ನನಗೆ ನೆನಪಾಯಿತು. ಹತ್ತೊಂಬತ್ತು ವರ್ಷ ನಾನು ಘರ್ಷಣೆಯನ್ನು ಶತ್ರು ಎಂದು ತಿಳಿದು ಕೆಲಸ ಮಾಡಿದವನು. ಈ ಮೋಟಾರಿಗೆ ಅದೊಂದೇ ಆಧಾರ. ಬೆರಳು ತಾಟನ್ನು ಹಿಡಿಯಬೇಕು, ಹಿಡಿದರೆ ಮಾತ್ರ ಅದು ಸರಿಯುತ್ತದೆ. ಅಕ್ಕೋರು ಎರಡು ವರ್ಷದ ಹಿಂದೆಯೇ ಇದನ್ನು ನನ್ನ ಬೆರಳಿನ ಮೇಲೇ ತೋರಿಸಿದ್ದರು. ನಾನು ಅಲೆಯನ್ನು ಕಲಿತಿದ್ದೆ, ಹಿಡಿತವನ್ನು ಕಲಿತಿರಲಿಲ್ಲ.

ಮರುದಿನ ಎಲ್ಲರಿಗಿಂತ ಮುಂಚೆ ಹೋದೆ. ಯಾಕೆ ಎಂದು ಈಗ ಮುಚ್ಚಿಡುವುದಿಲ್ಲ: ಯಾರಿಗೂ ಗೊತ್ತಾಗದಂತೆ ಒರೆಸಿಬಿಡೋಣ ಎಂದು. ನನ್ನ ಮೊಹರನ್ನು ನಾನೇ ಒಡೆದೆ. ತಿರುಗುವ ಬಿಲ್ಲೆಯ ಕೆಳಮುಖಕ್ಕೆ ಅಕ್ಕೋರು ಕಂದುಬಣ್ಣದ ತೆಳು ಹಾಳೆಯೊಂದನ್ನು ಅಂಟಿಸಿದ್ದರು; ಅದು ಹಿಡಿತಕ್ಕೆ ಎಂದು ನನಗೆ ಈಗ ಅರ್ಥವಾಯಿತು. ಅದು ಎಣ್ಣೆ ಕುಡಿದು ಕಪ್ಪಾಗಿ ಹೊಳೆಯುತ್ತಿತ್ತು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಹಾಳೆಯ ಅಂಚು ಎದ್ದು ಸುರುಳಿಯಾಯಿತು. ಆ ಹಾಳೆ ಹೊರದೇಶದಿಂದ ತರಿಸಿದ್ದು, ಉಳಿದ ತುಂಡನ್ನೇ ಇದಕ್ಕೆ ಬಳಸಿದ್ದೆವು. ಮತ್ತೆ ತರಿಸಲು ಒಂದೂವರೆ ತಿಂಗಳು. ಇನ್ನು ಮುಚ್ಚಿಡುವ ದಾರಿ ಇರಲಿಲ್ಲ.

ಅಕ್ಕೋರು ಬಂದು ಚೀಲ ಇಡುವ ಮೊದಲೇ ಹೇಳಿದೆ. ಪೂಜೆ ಮಾಡಿದ್ದು, ಎಣ್ಣೆ ಬಿಟ್ಟದ್ದು, ಈಗ ಒರೆಸಲು ಹೋಗಿ ಕೆಡಿಸಿದ್ದು, ಮೂರನ್ನೂ. ಅವರು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಎಷ್ಟ ಹನಿ?”

“ಒಂದ ರೀ. ಸೂಜಿ ಮೊನಿಲೆ.”

“ಯಾವ ಎಣ್ಣಿ?”

“ಹೊಲಿಗಿ ಮಷಿನ್ದು ರೀ.”

ಬಿಲ್ಲೆಯನ್ನು ಒಂದು ಬಿಳಿ ಕಾಗದದ ಮೇಲೆ ಇಟ್ಟರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ, “ಇದಕ್ಕ ಎಣ್ಣಿ ನಡಿಯೂದಿಲ್ಲ ಅಂತ ನಾನೂ ನಿಮಗ ಬಾಯಿ ಬಿಟ್ಟ ಹೇಳಿರಲಿಲ್ಲ, ಅದು ನಂದ ತಪ್ಪು,” ಎಂದರು. “ಆದ್ರ ಮಿಸ್ತ್ರಿ, ಹತ್ತು ದಿನ ಆ ಮನಶ್ಯಾ ತಮ್ಮ ಬೋರ್ಡ್ ಬಿಚ್ಚಿ ಬಿಚ್ಚಿ ನೋಡ್ಯಾರ. ಮೊದಲ ಅವರ ಮುಂದ ಹೇಳಿ ಬರ್ರಿ. ಮುಂದಿಂದು ಆಮ್ಯಾಲ ಮಾತಾಡೋಣು.”

ದಾದಾ ಆಗಷ್ಟೇ ಬಂದು ಬೋರ್ಡಿನ ತಿರುಪು ಬಿಚ್ಚತೊಡಗಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ತಿರುಪುಗಳನ್ನು ಒಂದೊಂದಾಗಿ ವಾಪಸ್ ಬಿಗಿದರು. ನಾಲ್ಕನೆಯದನ್ನು ಬಿಗಿದಾದ ಮೇಲೆ ತಲೆ ಎತ್ತಿದರು.

“ಅಣ್ಣಾ, ದಹಾ ದಿವಸ್ ಗಾಢವ್ ಮೀಚ್ ಹೋತೋ ಕಾ?”

ಹತ್ತು ದಿನ ಕತ್ತೆಯಾದದ್ದು ನಾನೇನಾ ಎಂದು ಕೇಳಿದ್ದರು. ಇಲ್ಲ ದಾದಾ, ನಾನು ಎಂದೆ. ಕಮಿಟಿ ಬರುವವರೆಗೆ ತಮ್ಮ ಟೇಬಲ್ಲಿಗೆ ಚಹಾ ನಾನೇ ತರಬೇಕು ಎಂದು ಅಪ್ಪಣೆ ಮಾಡಿದರು. ಒಪ್ಪಿ ಹೊರಟವನನ್ನು ಹಿಂದಿನಿಂದ ಕೂಗಿ, ಸಕ್ಕರೆ ಹಾಕು, ಎಣ್ಣೆ ಬೇಡ ಎಂದರು. ಆ ದಿನಗಳಲ್ಲಿ ನಾನು ಮೊದಲ ಸಲ ನಕ್ಕದ್ದು ಆಗ.

ಇನ್ನು ಏಳು ದಿನದಲ್ಲಿ, ಕೈಗೆ ಸಿಗುವ ವಸ್ತುವಿನಲ್ಲಿ, ಒಣಗಿದ್ದಾಗ ಗಟ್ಟಿಯಾಗಿ ಹಿಡಿಯುವಂಥದ್ದು ಯಾವುದು? ಅಕ್ಕೋರು ರಬ್ಬರ್, ಬೂಚು, ಬೇರೆ ಬೇರೆ ಪ್ಲಾಸ್ಟಿಕ್ ಎಂದು ಯೋಚಿಸುತ್ತಿದ್ದರು. ಹಿಡಿಯುವುದೇ ಕಸುಬಾದ ಒಂದು ವಸ್ತು ನನಗೆ ಪಿಂಪ್ರಿಯ ದಿನಗಳಿಂದಲೇ ಗೊತ್ತಿತ್ತು. ಸ್ಕೂಟರಿನ ಬ್ರೇಕ್ ಲೈನರ್, ಗಾಲಿಯನ್ನು ಹಿಡಿದು ನಿಲ್ಲಿಸುವ ಗಡುಸು ಪಟ್ಟಿ. ಹೇಳಲೋ ಬೇಡವೋ ಎಂದು ಮನಸ್ಸು ಅಳುಕಿತು, ಆಗಷ್ಟೇ ತಪ್ಪು ಮಾಡಿ ನಿಂತವನು. ಹೇಳಿದೆ. ಅಕ್ಕೋರು ಒಂದು ಗಳಿಗೆ ನನ್ನನ್ನೇ ನೋಡಿದರು. ತೊಗೊಂಡು ಬರ್ರಿ ಎಂದರು.

ಪಿಂಪ್ರಿ ಪೇಟೆಯಿಂದ ಲೈನರ್ ಅಂಟಿಸಿದ ಹೊಸ ಬ್ರೇಕ್ ಶೂಗಳನ್ನು ತಂದು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಲೈನರನ್ನು ತೆಳ್ಳಗೆ ಉಜ್ಜತೊಡಗಿದೆ. ನಮಗೆ ಬೇಕಾದಷ್ಟು ತೆಳುವಾಗುವಷ್ಟರಲ್ಲಿ ಅದು ಹಪ್ಪಳದ ಹಾಗೆ ಮುರಿಯಿತು. ಇನ್ನೊಂದೂ ಮುರಿಯಿತು. ಮೂರನೆಯದೂ. ಎರಡು ದಿನ ಹೋಯಿತು. ಮೂರನೇ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಕೆಲಸದ ಕ್ರಮವೇ ತಲೆಕೆಳಗಾಗಿದೆ ಎಂದು ಹೊಳೆಯಿತು. ತೆಳ್ಳಗೆ ಮಾಡಿ ಅಂಟಿಸುವುದರ ಬದಲು, ದಪ್ಪವಿರುವಾಗಲೇ ಬಿಲ್ಲೆಗೆ ಅಂಟಿಸಿ, ಬಿಲ್ಲೆಯನ್ನೇ ಲೇಥಿಗೆ ಕಟ್ಟಿ, ಅಲ್ಲೇ ತೆಳ್ಳಗೆ ಕೆತ್ತಿದೆ. ಬೆನ್ನಿಗೆ ಲೋಹದ ಆಸರೆ ಇದ್ದುದರಿಂದ ಅದು ಮುರಿಯಲಿಲ್ಲ. ಆಮೇಲೆ ಗಾಜಿನ ಮೇಲೆ ನಯವಾದ ಪಾಲಿಶ್ ಕಾಗದ ಹಾಸಿ, ಬೆರಳಿನ ಭಾರ ಮಾತ್ರ ಕೊಟ್ಟು, ಎಂಟರ ಆಕಾರದಲ್ಲಿ ಉಜ್ಜಿದೆ. ಬರಿಗೈಯಲ್ಲಿ ಮುಟ್ಟಲಿಲ್ಲ, ಕೈಯ ಜಿಡ್ಡು ಕೂಡ ಎಣ್ಣೆಯೇ.

ಐದನೇ ದಿನ ಸಂಜೆ ನಾಲ್ಕಕ್ಕೆ ದಾದಾ ಸ್ವಿಚ್ ಒತ್ತಿದರು. ಕೀಚ್ ಎಂಬ ಸದ್ದು ಬಂತು, ಮಳೆಗಾಲದಲ್ಲಿ ಸ್ಕೂಟರು ಬ್ರೇಕ್ ಹಿಡಿದ ಹಾಗೆ. ಒಂದು ನಿಮಿಷ ತನ್ನನ್ನು ತಾನು ಉಜ್ಜಿಕೊಂಡು, ಸದ್ದು ನಿಂತು, ಬಿಲ್ಲೆ ತಿರುಗಿತು. ಹಿಂದಿಗಿಂತ ವೇಗ ಕಡಿಮೆ, ಆದರೆ ಹಿಡಿತ ಜಾಸ್ತಿ. ಅಕ್ಕೋರು ಕಣ್ಣಿನ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು.

ಕಮಿಟಿಯವರಲ್ಲಿ ಹಿರಿಯರೊಬ್ಬರು ತಿರುಗುತ್ತಿದ್ದ ಬಿಲ್ಲೆಯ ಮೇಲೆ ಪೆನ್ಸಿಲ್ ತುದಿ ಇಟ್ಟು ಒತ್ತಿ ನೋಡಿದರು. ನಿಲ್ಲಲಿಲ್ಲ. ಈ ಲೈನರ್ ಎಲ್ಲಿಯದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಕ್ಕೋರು ನನ್ನ ಕಡೆ ಕೈ ತೋರಿಸಿ, ಇವರನ್ನು ಕೇಳಿ, ಇವರ ವಿನ್ಯಾಸ ಎಂದರು. ನಾನು ಮರಾಠಿಯಲ್ಲಿ, ಪಿಂಪ್ರಿ ಪೇಟೆಯದು ಎಂದೆ. ಎಣ್ಣೆಯ ಕತೆಯನ್ನು ಅಕ್ಕೋರು ಅವತ್ತು ಹೇಳಲಿಲ್ಲ, ಆಮೇಲೂ ಯಾರ ಮುಂದೆಯೂ ಹೇಳಲಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಕೆಲಸ ಇನ್ನೂ ಮೂರು ವರ್ಷ ಮುಂದುವರಿಯಿತು. ಹದಿನಾಲ್ಕು ಮಿಲಿಮೀಟರಿನದು ಹತ್ತಕ್ಕೆ ಇಳಿಯಿತು, ಆಮೇಲೆ ಎಂಟಕ್ಕೆ. ಬ್ರೇಕ್ ಲೈನರು ಹಲ್ಲುಗಳನ್ನು ಸವೆಸುತ್ತದೆಂದು ಗೊತ್ತಾಗಿ ಬೇರೆ ವಸ್ತು ಬಂತು. ಅಂಟಿಸಿ ಆಮೇಲೆ ಕೆತ್ತುವ ಕ್ರಮ ಮಾತ್ರ ಹಾಗೇ ಉಳಿಯಿತು.

೨೦೦೪ರಲ್ಲಿ ಸ್ವಂತ ಶೆಡ್ಡು ಹಾಕುತ್ತೇನೆ ಎಂದಾಗ ಅಕ್ಕೋರು ಮೊದಲ ಆರ್ಡರ್ ತಾವೇ ಬರೆದುಕೊಟ್ಟರು. ದಾದಾ ಬಂದು ಇಡೀ ಶೆಡ್ಡಿಗೆ ವೈರಿಂಗ್ ಮಾಡಿಕೊಟ್ಟರು, ಚಹಾ ಬಿಟ್ಟು ಏನೂ ಮುಟ್ಟಲಿಲ್ಲ. ನನಗೆ ಕಲಿಸುವ ಅವಶ್ಯಕತೆ ಇವರಿಬ್ಬರಿಗೂ ಇರಲಿಲ್ಲ. ಉಂಗುರ ಕೊಯ್ಯಿಸಿಕೊಂಡು ಕಳಿಸಿಬಿಡಬಹುದಿತ್ತು. ಬೆಳಿಗ್ಗೆ ಶೆಡ್ಡಿನ ಶಟರ್ ಎತ್ತುವಾಗ ಇದು ದಿನವೂ ನೆನಪಾಗುತ್ತದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಭೋಸರಿಯಲ್ಲಿ ಶೆಡ್ಡು ಒಂದು. ಲೇಥ್ ಮೂರು, ಮಿಲ್ಲಿಂಗ್ ಒಂದು, ಗ್ರೈಂಡರ್ ಒಂದು. ಕೆಲಸಗಾರರು ಐದು. ಚಿಂಚವಾಡದಲ್ಲಿ ಎರಡು ಕೋಣೆಯ ಮನೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ನಾನೇ ಬರೆದ ನಕಾಶೆಗಳ ನೋಟ್‌ಬುಕ್ಕು ಹನ್ನೊಂದು. ಕಪಾಟಿನಲ್ಲಿ ಸಣ್ಣ ಮೋಟಾರುಗಳು ಹದಿನಾಲ್ಕು. ಅದರಲ್ಲಿ ತಿರುಗುವವು ಹನ್ನೆರಡು.